ಖಾಲಿ ಗಾಡಿಯ ಬ್ರೇಕು

ಅರಕಲಗೂಡಿನಿಂದ ಗೊರೂರಿನ ಕಡೆ ಬರುವ ಇಳಿಜಾರಿನಲ್ಲಿ ನಿಲ್ಲದೆ ಹೋದ ಆ ಪಿಕಪ್ಪಿನಲ್ಲಿ ಇದ್ದದ್ದು ಶುಂಠಿಯೋ ಆಲೂಗಡ್ಡೆಯೋ, ಈಗ ನಾನು ಆಣೆ ಮಾಡಿ ಹೇಳಲಾರೆ. ಕಡತ ಶುಂಠಿ ಎನ್ನುತ್ತದೆ. ನನ್ನ ಕಣ್ಣಿಗೆ ಕಟ್ಟಿರುವುದು ಮಾತ್ರ ಡಾಂಬರಿನ ಮೇಲೆ ಉರುಳುತ್ತಿರುವ ಆಲೂಗಡ್ಡೆ. ಅದು ಸಾಧ್ಯವೇ ಇಲ್ಲ. ನಾನು ಆ ಗಾಡಿಯನ್ನು ನೋಡಿದ್ದು ಅಪಘಾತವಾದ ಮೂರನೆಯ ದಿನ, ಪೊಲೀಸ್ ಠಾಣೆಯ ಹಿಂದಿನ ಬಯಲಿನಲ್ಲಿ. ಒಳಗೆ ಒಂದು ಚೀಲವೂ ಉಳಿದಿರಲಿಲ್ಲ. ಬೇರೆ ಯಾವುದೋ ವರ್ಷದ, ಬೇರೆ ಯಾವುದೋ ರಸ್ತೆಯ ಆಲೂಗಡ್ಡೆ ಬಂದು ಇಲ್ಲಿ ಸೇರಿಕೊಂಡಿದೆ. ನನ್ನ ನೆನಪೂ ನಮ್ಮ ಕಡೆಯ ಪಿಕಪ್ಪಿನ ಹಾಗೆಯೇ. ಆರ್.ಸಿ. ಪುಸ್ತಕದಲ್ಲಿ ಬರೆದದ್ದಕ್ಕಿಂತ ಹೆಚ್ಚು ತುಂಬಿಕೊಂಡು ಓಡಾಡುತ್ತದೆ.

ಆದರೂ ಆ ಗಾಡಿಯ ವಿಷಯ ಬರೆಯಲೇಬೇಕು. ಅದರ ಡ್ರೈವರ್ ರಂಗಸ್ವಾಮಿ ಜೈಲಿಗೆ ಹೋಗುತ್ತಾನೋ ಮನೆಗೆ ಹೋಗುತ್ತಾನೋ ಎನ್ನುವುದು ನಾನು ಬರೆದ ಒಂದು ಸಾಲಿನ ಮೇಲೆ ನಿಂತಿತ್ತು. ಸಾಲು ಇದು: ‘ವಾಹನದ ಬ್ರೇಕುಗಳು ಸಮರ್ಪಕವಾಗಿವೆ; ಅಪಘಾತವು ಯಾಂತ್ರಿಕ ದೋಷದಿಂದ ಸಂಭವಿಸಿದ್ದಲ್ಲ.’ ಇದೇ ಸಾಲನ್ನು ನನ್ನ ಸೇವೆಯಲ್ಲಿ ಎಷ್ಟು ಸಲ ಬರೆದೆನೋ ಗೊತ್ತಿಲ್ಲ. ಪೆನ್ನು ತೆರೆದರೆ ಕೈ ತಾನಾಗಿ ಬರೆಯುವಷ್ಟು ಅಭ್ಯಾಸವಾಗಿತ್ತು.

ನಾನು ಮೋಟಾರು ವಾಹನ ನಿರೀಕ್ಷಕನಾಗಿದ್ದವನು. ಕಾಗದದಲ್ಲಿ ಆ ಹೆಸರು. ಹಾಸನದ ಸುತ್ತ ಜನರ ಬಾಯಲ್ಲಿ ‘ಬ್ರೇಕ್ ಇನ್‌ಸ್ಪೆಕ್ಟ್ರು’. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದ್ದೆ. ಪುಸ್ತಕದಲ್ಲಿ ಇರುವುದನ್ನೂ ಒಂದು ಸಲ ಅನುಮಾನಿಸಿ ನೋಡು ಎಂದು ಅಲ್ಲಿ ಕಲಿಸಿದ್ದರು. ಆ ಅನುಮಾನವನ್ನು ನಾನು ಡ್ರೈವರುಗಳ ಮೇಲೆ ಧಾರಾಳವಾಗಿ ಖರ್ಚು ಮಾಡಿದೆ, ನನ್ನ ಮೇಲೆ ಮಾಡಲಿಲ್ಲ. ಈ ಕೆಲಸಕ್ಕೆ ಹೊಸದಾಗಿ ಸೇರಿದ ಕೆಲವರು ‘ನಿಮ್ಮ ಅನುಭವ ಬರೆಯಿರಿ ಸಾರ್’ ಎಂದು ಕೇಳಿದ್ದರಿಂದ ಬರೆಯುತ್ತಿದ್ದೇನೆ. ಬಡ್ತಿ, ವರ್ಗಾವಣೆ ಎಲ್ಲ ಸೇವಾ ಪುಸ್ತಕದಲ್ಲಿವೆ. ಅಲ್ಲೇ ಇರಲಿ.

ತಾಲ್ಲೂಕುಗಳಿಗೆ ನಾವು ಕ್ಯಾಂಪ್ ಹೋಗುತ್ತಿದ್ದೆವು. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ, ಒಂದೊಂದಕ್ಕೆ ಒಂದೊಂದು ದಿನ. ಗಾಡಿ ನೋಡುವುದು, ಲೈಸೆನ್ಸಿಗೆ ಬಂದವರಿಂದ ಎಂಟು ಹಾಕಿಸುವುದು, ದಾರಿಯಲ್ಲಿ ಸಿಕ್ಕ ಗಾಡಿಗಳನ್ನು ನಿಲ್ಲಿಸುವುದು. ನಾನು ಸೇರಿದಾಗ ಸಾಮಾನು ಸಾಗಿಸಲು ಲಾರಿ, ಟ್ರ್ಯಾಕ್ಟರು, ಎತ್ತಿನ ಗಾಡಿ ಇದ್ದವು. ಮುಂದೆ ಪಿಕಪ್ಪು ಬಂತು. ಲಾರಿ ಹೋಗದ ತೋಟದ ದಾರಿಗೆ ಹೋಗುತ್ತದೆ, ಟ್ರ್ಯಾಕ್ಟರಿಗಿಂತ ಬೇಗ ಊರು ಸೇರಿಸುತ್ತದೆ. ಶುಂಠಿ, ಜೋಳ, ತೆಂಗಿನಕಾಯಿ, ಹೊಗೆಸೊಪ್ಪಿನ ಬೇಲು, ಕಬ್ಬಿಣದ ಕಂಬಿ, ಸೀಮೆ ಹಸು, ಶಾಮಿಯಾನದ ಕಂಬ, ಬೀಗರ ಊಟಕ್ಕೆ ಹೊರಟ ಮೂವತ್ತು ಜನ, ಎಲ್ಲವೂ ಅದರಲ್ಲೇ. ಅದು ಹೊರಬಹುದಾದ ಭಾರ ಎಷ್ಟೆಂದು ಬಾಗಿಲ ಮೇಲೆ ಬಣ್ಣದಲ್ಲಿ ಬರೆದಿರುತ್ತಿತ್ತು. ಅದನ್ನು ಓದುತ್ತಿದ್ದವನು ನಾನೊಬ್ಬನೇ ಎಂದು ಕಾಣುತ್ತದೆ.

ಚನ್ನರಾಯಪಟ್ಟಣದ ಹತ್ತಿರ ಒಂದು ತೆಂಗಿನಕಾಯಿ ಗಾಡಿ ನಿಲ್ಲಿಸಿದ್ದೆ. ಹಿಂದಿನ ಬಾಗಿಲನ್ನು ಮಲಗಿಸಿ, ಎರಡು ಕಡೆ ಸರಪಳಿಯಿಂದ ತೂಗುಹಾಕಿ, ಅದರ ಮೇಲೂ ಚೀಲ ಪೇರಿಸಿದ್ದರು. ಗಾಡಿಯ ಮೂತಿ ಆಕಾಶ ನೋಡುತ್ತಿತ್ತು. ಡ್ರೈವರ್ ಮಾತ್ರ ಖುಷಿಯಾಗಿದ್ದ.

“ಸ್ಟೇರಿಂಗ್ ಎಂಗದೆ ತಿರುಗ್ಸಿ ನೋಡಿ ಸಾ. ಎಲ್ಡು ಬೆಳ್ನಲ್ಲಿ ತಿರುಗ್ತದೆ, ಬೆಣ್ಣೆ ಇದ್ದಂಗೆ. ಓಸಾ ಗಾಡಿ ಕಣಿ ಸಾ.”

ಕೂತು ತಿರುಗಿಸಿದೆ. ನಿಜವಾಗಿಯೂ ಬೆಣ್ಣೆಯ ಹಾಗಿತ್ತು. ಕೆಲಸಕ್ಕೆ ಸೇರಿದ ಹೊಸತು. ಸ್ಟೇರಿಂಗ್ ಚೆನ್ನಾಗಿದೆ ಎಂದುಕೊಂಡು, ಹೆಚ್ಚುವರಿ ಭಾರಕ್ಕೆ ದಂಡದ ಚೀಟಿ ಬರೆದು ಬಿಟ್ಟೆ. ಮುಂದಿನ ತಿರುವಿನಲ್ಲಿ ಆ ಗಾಡಿ ತಿರುಗದೆ ನೇರವಾಗಿ ರಾಗಿ ಹೊಲಕ್ಕೆ ನುಗ್ಗಿತು. ಹೋಗಿ ನೋಡಿದರೆ ಅವನು ಹೊಲದ ಬದುವಿನ ಮೇಲೆ ಕೂತು ಬೀಡಿ ಹಚ್ಚಿದ್ದ. “ನಾನ್ ತಿರುಗಿಸ್ದೆ ಸಾ. ಗಾಡಿ ತಿರುಗ್ನಿಲ್ಲ” ಎಂದ. ಭಾರವೆಲ್ಲ ಹಿಂದಿನ ಅಚ್ಚಿನಿಂದಲೂ ಆಚೆ ತೂಗುತ್ತಿದ್ದುದರಿಂದ ಮುಂದಿನ ಚಕ್ರಗಳು ನೆಲವನ್ನು ಮುಟ್ಟಿಯೂ ಮುಟ್ಟದ ಹಾಗಿದ್ದವು. ತಕ್ಕಡಿಯ ಒಂದು ತಟ್ಟೆ ಇಳಿದರೆ ಇನ್ನೊಂದು ಏಳುತ್ತದೆ. ಸಂತೆಯಲ್ಲಿ ಸೊಪ್ಪು ಮಾರುವವರಿಗೂ ಗೊತ್ತಿರುವ ವಿಷಯ. ಲೋಡು ತುಂಬಿದ ಪಿಕಪ್ಪಿನ ಸ್ಟೇರಿಂಗ್ ಹಗುರವಾಗಿದ್ದರೆ ಮೆಚ್ಚಬೇಡಿ, ಡ್ರೈವರನ್ನು ಕೆಳಗಿಳಿಸಿ.

ಅದಕ್ಕಿಂತ ನಾಚಿಕೆಗೇಡಿನದು ಹೊಳೆನರಸೀಪುರದ ನೀರಿನ ಟ್ಯಾಂಕು. ಬೇಸಿಗೆ. ನಿಂಗೇಗೌಡ ಎನ್ನುವವರು ಪಿಕಪ್ಪಿನ ಮೇಲೆ ದೊಡ್ಡ ಪ್ಲಾಸ್ಟಿಕ್ ಟ್ಯಾಂಕು ಕೂರಿಸಿ, ಮದುವೆ ಮನೆಗೆ ನೀರು ಹೊಡೆಯುತ್ತಿದ್ದರು. ಒಂದು ಲೀಟರ್ ನೀರೆಂದರೆ ಒಂದು ಕಿಲೋ ಎಂದು ಅವರಿಗೆ ಪಾಠ ಹೇಳಿದೆ. ಟ್ಯಾಂಕಿನ ಮೇಲೆ ಬರೆದಿದ್ದ ಲೀಟರನ್ನು ಗಾಡಿಯ ಬಾಗಿಲ ಮೇಲಿದ್ದ ಅಂಕಿಯ ಪಕ್ಕ ಇಟ್ಟು ತೋರಿಸಿದೆ. “ಅರ್ಧ ಚೆಲ್ಲಿ, ಆಮೇಲೆ ಹೋಗಿ” ಎಂದೆ. ದಂಡ ಹಾಕದೆ ಬಿಟ್ಟೆನೆಂದು ನನಗೇ ಒಂದು ಸಮಾಧಾನ. ಅವರು ಏನೋ ಹೇಳಲು ಬಾಯಿ ತೆರೆದರು, ನನ್ನ ಮುಖ ನೋಡಿ ಮುಚ್ಚಿಕೊಂಡರು. ನಲ್ಲಿ ಬಿಟ್ಟು ಅರ್ಧ ನೀರು ಚರಂಡಿಗೆ ಹೋಗುವವರೆಗೆ ಇಬ್ಬರೂ ನಿಂತು ನೋಡಿದೆವು.

ಆ ಗಾಡಿ ನಾಲೆಯ ಸೇತುವೆ ಹತ್ತಿರ ತಿರುಗುವಾಗ ಮಗ್ಗುಲಾಗಿ ಮಲಗಿತು. ಯಾರಿಗೂ ದೊಡ್ಡ ಏಟಾಗಲಿಲ್ಲ; ನಿಂಗೇಗೌಡರ ಮೊಣಕೈ ತರಚಿತ್ತು. ನಾನು ಜೀಪಿನಿಂದ ಇಳಿಯುವಷ್ಟರಲ್ಲಿ ಅವರು ಒದ್ದೆ ಪಂಚೆ ಹಿಂಡುತ್ತಿದ್ದರು.

“ತುಂಬಿದ್ದಾಗ ಸುಮ್ಕಿತ್ತು ಸಾ. ನೀವು ಅರ್ಧ ಮಾಡುದ್ರಿ, ಒಳಗೆ ಕುಣೀತು, ಗಾಡಿನೂ ಕುಣಿಸ್ತು. ತುಂಬಿದ ಕೊಡ ತುಳುಕಾಕಿಲ್ಲ ಅಂತ ನಿಮ್ ಕಾಲೇಜ್ನಾಗೆ ಏಳ್ಕೊಡ್ನಿಲ್ವಾ?”

ಹೇಳಿಕೊಟ್ಟಿದ್ದರು, ಬೇರೆ ಮಾತುಗಳಲ್ಲಿ, ಎರಡು ಪುಟ ಸಮೀಕರಣದೊಂದಿಗೆ. ಪರೀಕ್ಷೆಯಲ್ಲಿ ಬರೆದೂ ಇದ್ದೆ. ಕಾನೂನಿನ ಪ್ರಕಾರ ಅರ್ಧ ಟ್ಯಾಂಕು ಸರಿ, ರಸ್ತೆಯ ಪ್ರಕಾರ ತಪ್ಪು. ತಿರುವಿನಲ್ಲಿ ಇಡೀ ನೀರು ಒಂದೇ ಮಗ್ಗುಲಿಗೆ ಓಡುತ್ತದೆ. ನಾನು ಹೇಳಬೇಕಾಗಿದ್ದದ್ದು ಚಿಕ್ಕ ಟ್ಯಾಂಕು ಇಟ್ಟು ಅದನ್ನು ಪೂರ್ತಿ ತುಂಬಿಸಿ ಎಂದು.

ಭಾರ ಅಳೆಯುವ ಕ್ರಮದ ಬಗ್ಗೆ ಇಲ್ಲಿ ಹೇಳಬೇಕು, ಮುಂದಿನದಕ್ಕೆಲ್ಲ ಅದೇ ಬೇರು. ನನ್ನ ಮೊದಲ ಮೇಲಧಿಕಾರಿ ಹಳೆಯ ಕಾಲದವರು. ತೂಕದ ಸೇತುವೆ ಆಗ ಎಲ್ಲ ಕಡೆ ಇರಲಿಲ್ಲ, ಇದ್ದ ಕಡೆಯೂ ಗಾಡಿಯನ್ನು ಅಲ್ಲಿಗೆ ಒಯ್ಯುವುದರೊಳಗೆ ಅರ್ಧ ದಿನ ಹೋಗುತ್ತಿತ್ತು. ಅವರು ಹಿಂದಿನ ಚಕ್ರಕ್ಕೂ ಅದರ ಮೇಲಿನ ತಗಡಿಗೂ ನಡುವೆ ಅಂಗೈ ಅಡ್ಡವಾಗಿ ತೂರಿಸುತ್ತಿದ್ದರು. ಕೈ ಸಲೀಸಾಗಿ ಹೋದರೆ ಗಾಡಿ ಹೋಗಬಹುದು. ಕೈ ಹಿಡಿದರೆ ಭಾರ ಹೆಚ್ಚು. “ಟಯರ್ ನೋಡ್ರೀ. ಡ್ರೈವರ್ ಸುಳ್ಳು ಹೇಳ್ತಾನೆ, ಟಯರ್ ಹೇಳಲ್ಲ” ಎನ್ನುತ್ತಿದ್ದರು. ನಾನು ಅದನ್ನು ಕಲಿತೆ. ತೂಕದ ಸೇತುವೆಗಳು ಊರೂರಿಗೆ ಬಂದ ಮೇಲೂ ಬಿಡಲಿಲ್ಲ. ದಿನಕ್ಕೆ ನಲವತ್ತು ಗಾಡಿ ನೋಡುವವನಿಗೆ ಅಂಗೈಯಷ್ಟು ಸುಲಭವಾದ ಯಂತ್ರ ಇನ್ನೊಂದಿಲ್ಲ. ನನ್ನ ಕೈ ತೂರಿಸುವ ಅಭ್ಯಾಸ ಮೂರು ತಾಲ್ಲೂಕಿನಲ್ಲಿ ಹೆಸರಾಯಿತು. ಅದರಿಂದ ಭಾರ ಕಡಿಮೆಯಾಗಿದೆ ಎಂದೂ ನಂಬಿದ್ದೆ. ವರ್ಷದಿಂದ ವರ್ಷಕ್ಕೆ ನನ್ನ ಕೈ ಹೆಚ್ಚು ಹೆಚ್ಚು ಸಲೀಸಾಗಿ ಹೋಗುತ್ತಿತ್ತು.

ಈಗ ರಂಗಸ್ವಾಮಿ.

ಶುಂಠಿ ಕೀಳುವ ಕಾಲ, ಬೆಳಗಿನ ಹೊತ್ತು. ಅವನು ಬೇರೆಯವರ ಗಾಡಿ ಓಡಿಸುತ್ತಿದ್ದ. ಅರಕಲಗೂಡಿನ ಕಡೆಯಿಂದ ಹಾಸನಕ್ಕೆ ಲೋಡು. ಇಳಿಜಾರಿನ ಕೊನೆಯಲ್ಲಿ ಹಾಲಿನ ಡೇರಿ. ಜಯಮ್ಮ ಎನ್ನುವ ಹೆಂಗಸು ಡೇರಿಗೆ ಹಾಲು ಹಾಕಿ, ಖಾಲಿ ಕ್ಯಾನು ಹಿಡಿದು ರಸ್ತೆ ದಾಟುತ್ತಿದ್ದರು. ಪಿಕಪ್ಪು ಹಾರನ್ ಹೊಡೆಯುತ್ತಲೇ ಬಂದು ಅವರನ್ನು ಕೆಡವಿ, ರಸ್ತೆ ಪಕ್ಕದ ಮಣ್ಣಿನ ದಿಬ್ಬಕ್ಕೆ ಹೊಡೆದು ನಿಂತಿತು. ಜಯಮ್ಮ ಆಸ್ಪತ್ರೆ ತಲುಪುವ ಮೊದಲೇ ತೀರಿಕೊಂಡರು. ರಂಗಸ್ವಾಮಿ ಓಡಿಹೋಗಲಿಲ್ಲ. ಅವರನ್ನು ಆಟೋಗೆ ಎತ್ತಿ ಹಾಕಿದವರಲ್ಲಿ ಅವನೂ ಒಬ್ಬ ಎಂದು ಪೊಲೀಸರ ಕಾಗದದಲ್ಲಿ ಇತ್ತು. ಬ್ರೇಕ್ ಹಿಡಿಯಲಿಲ್ಲ ಎನ್ನುವುದೊಂದೇ ಅವನ ಹೇಳಿಕೆ. ಅಪಘಾತ ಮಾಡಿದ ಪ್ರತಿಯೊಬ್ಬ ಡ್ರೈವರೂ ಹೇಳುವ ಮಾತು ಅದು.

ಮೂರನೆಯ ದಿನ ಠಾಣೆಯ ಹಿಂದೆ ಗಾಡಿ ನೋಡಿದೆ. ಮುಂದಿನ ಬಂಪರ್ ಬಾಗಿತ್ತು, ಒಂದು ದೀಪ ಒಡೆದಿತ್ತು, ಇಂಜಿನ್ ಸರಿಯಿತ್ತು. ಸರಕನ್ನು ಮಾಲೀಕರು ಬೇರೆ ಗಾಡಿಗೆ ಹಾಕಿ ಸಾಗಿಸಿದ್ದರು. ಶುಂಠಿ ಕೊಳೆಯುವ ಮಾಲು, ಪೊಲೀಸರೂ ಬಿಟ್ಟಿದ್ದರು. ಕ್ರಮದಂತೆ ಬಯಲಿನಲ್ಲಿ ಓಡಿಸಿ ಬ್ರೇಕ್ ಹಾಕಿದೆ. ನಾಲ್ಕೂ ಚಕ್ರದ ಗೆರೆ ಮಣ್ಣಿನ ಮೇಲೆ ಬಿತ್ತು. ಬ್ರೇಕ್ ಎಣ್ಣೆ ಇತ್ತು, ಸೋರಿಕೆ ಇರಲಿಲ್ಲ. ಹಿಂದಿನ ಚಕ್ರದ ಹತ್ತಿರ ಬಗ್ಗಿದೆನೇ? ಬಗ್ಗಿದೆ ಎಂದು ನನಗೆ ಅನಿಸುತ್ತದೆ, ಆದರೆ ಹಾಗೆ ಅನಿಸಬೇಕೆಂಬ ಆಸೆಯೂ ನನಗಿದೆ. ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಆ ಸಾಲು ಬರೆದೆ.

ಒಂದು ವರ್ಷದ ಮೇಲಾಗಿರಬೇಕು. ನಮ್ಮ ಜೀಪು ಹೊಳೆನರಸೀಪುರದಲ್ಲಿ ಕೆಟ್ಟು ನಿಂತಿತು. ಪುಟ್ಟರಾಜು ಎನ್ನುವ ಮೆಕ್ಯಾನಿಕ್‌ನ ಶೆಡ್ಡಿಗೆ ತಳ್ಳಿಕೊಂಡು ಹೋದೆವು. ಪುಟ್ಟರಾಜು ಹೈಸ್ಕೂಲು ಬಿಟ್ಟವನು, ನಾಲಗೆ ಚುರುಕು. ಅಲ್ಲಿ ಒಂದು ಹೊಸ ಪಿಕಪ್ಪಿನ ಹಿಂಭಾಗವನ್ನು ಜಾಕಿ ಕೊಟ್ಟು ಎತ್ತಿದ್ದರು. ಹಿಂದಿನ ಅಚ್ಚಿನ ಮೇಲೆ ಭಾರ ಹೊರಲು ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳಿರುತ್ತವೆ, ಬ್ಲೇಡು ಎನ್ನುತ್ತಾರೆ. ಪುಟ್ಟರಾಜು ಕಂಪನಿ ಕೊಟ್ಟ ಬ್ಲೇಡುಗಳ ಜೊತೆಗೆ ಇನ್ನೆರಡು ಸೇರಿಸುತ್ತಿದ್ದ.

“ಹೊಸ ಗಾಡಿಗೆ ಯಾಕಪ್ಪ?” ಎಂದೆ.

“ಶುಂಠಿ ಸೀಜನ್ ಬಂತಲ್ಲ ಸಾ. ಎಲ್ಲಾರೂ ಆಕಿಸ್ತಾರೆ.”

“ಭಾರಕ್ಕಾ?”

ಪುಟ್ಟರಾಜು ಸ್ಪಾನರ್ ಕೆಳಗಿಟ್ಟು ನಕ್ಕ. “ಭಾರ ಅಂಗೂ ಎಳೀತದೆ ಬುಡಿ. ಇದು ನಿಮ್ ಕೈಗೆ ಸಾ.”

“ನನ್ನ ಕೈಗಾ?”

“ಊಂ ಕಣಿ ಸಾ. ಬ್ರೇಕ್ ಇನ್‌ಸ್ಪೆಕ್ಟ್ರು ಕೈ ಓಗಂಗೆ ಬ್ಲೇಡ್ ಏರ್ಸು ಪುಟ್ರಾಜಾ ಅಂತವ್ರೆ. ಲೋಡ್ ಆಕಿದ್ರೂ ಗಾಡಿ ಕುಕ್ಕರಿಸ್ಬಾರ್ದು. ನಿಮ್ ಕೈ ಅಳತೆ ಗೊತ್ತು ನಂಗೆ. ಬೇಕಾದ್ರೆ ಬಳೆ ತೊಡಿಸ್ಬುಡ್ತೀನಿ.”

ಶೆಡ್ಡಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕಿರಬೇಕು. ಆಮೇಲೆ ಅವನು ಟಾರ್ಚು ಹಿಡಿದು ಗಾಡಿಯ ಕೆಳಗೆ ಒಂದು ಸಣ್ಣ ಕಬ್ಬಿಣದ ಕಡ್ಡಿ ತೋರಿಸಿದ. ಅದರ ಒಂದು ತುದಿ ಹಿಂದಿನ ಅಚ್ಚಿಗೆ, ಇನ್ನೊಂದು ತುದಿ ಮೇಲಿನ ಚಾಸಿಯ ಚೌಕಟ್ಟಿಗೆ ಸೇರಿಸಿದ ಒಂದು ವಾಲ್ವಿಗೆ.

“ಇದೊಂದ್ ಮಾತ್ರ ಪಾಪ ಮೋಸ ಓಯ್ತದೆ ಸಾ” ಎಂದ.

ಅದರ ಕೆಲಸ ಏನೆಂದು ಓದಿದವನಾದ ನನಗೆ ಕೂಡಲೇ ಹೊಳೆಯಬೇಕಿತ್ತು, ಹೊಳೆಯಲು ಒಂದು ನಿಮಿಷ ಹಿಡಿಯಿತು. ಗಾಡಿಯಲ್ಲಿ ಭಾರ ಬಿದ್ದರೆ ಮೈ ಕೆಳಗೆ ಕೂರುತ್ತದೆ. ಮೈ ಕೂತಾಗ ಆ ಕಡ್ಡಿ ವಾಲ್ವನ್ನು ಒತ್ತುತ್ತದೆ. ಆಗ ಹಿಂದಿನ ಚಕ್ರಗಳಿಗೆ ಹೆಚ್ಚು ಬ್ರೇಕು ಹೋಗುತ್ತದೆ. ಗಾಡಿ ಖಾಲಿಯಿದ್ದರೆ ಹಿಂದಿನ ಚಕ್ರ ಜಾರದಿರಲೆಂದು ಕಡಿಮೆ ಹೋಗುತ್ತದೆ. ಹೆಚ್ಚು ಬ್ಲೇಡು ಹಾಕಿದರೆ ಎಷ್ಟು ತುಂಬಿದರೂ ಮೈ ಕೂರುವುದಿಲ್ಲ. ವಾಲ್ವಿಗೆ ಗಾಡಿ ಖಾಲಿ ಎಂದೇ ಲೆಕ್ಕ. ಬೆಟ್ಟದಷ್ಟು ಶುಂಠಿ ಹೊತ್ತು ಇಳಿಜಾರು ಇಳಿಯುವ ಗಾಡಿಗೆ ಖಾಲಿ ಗಾಡಿಯ ಬ್ರೇಕು ಸಿಗುತ್ತದೆ. ಮುಂದಿನ ಎರಡು ಚಕ್ರಗಳೇ ಎಲ್ಲ ಭಾರವನ್ನೂ ತಡೆಯಬೇಕು. ಅವು ಕಾದು ಕೈಬಿಡುತ್ತವೆ.

ಖಾಲಿಯಾಗಿ ನಿಂತಾಗ ಮಾತ್ರ ಅದೇ ಗಾಡಿ ಎಲ್ಲ ಪರೀಕ್ಷೆಯಲ್ಲೂ ಪಾಸು.

ನನಗೆ ಯಾರ ಮಾತನ್ನೂ ಹಾಗೇ ಒಪ್ಪುವ ಗುಣವಿಲ್ಲ. ಒಂದು ಭಾನುವಾರ ಪುಟ್ಟರಾಜುವನ್ನು ಒಪ್ಪಿಸಿ, ಅವನ ಪರಿಚಯದವರ ಪಿಕಪ್ಪಿಗೆ ಜೋಳದ ಚೀಲ ತುಂಬಿಸಿ, ಜನ ಓಡಾಡದ ನಾಲೆ ಏರಿಯ ನೇರ ರಸ್ತೆಗೆ ಹೋದೆವು. ಮೊದಲು ಗಾಡಿ ಖಾಲಿ. ಒಂದು ಕಲ್ಲಿನ ಹತ್ತಿರ ಬ್ರೇಕ್ ಒತ್ತಿದರೆ ಮುಂದಿನ ಲೈಟು ಕಂಬಕ್ಕೆ ಮೊದಲೇ ನಿಂತಿತು. ಆಮೇಲೆ ಹೆಚ್ಚುವರಿ ಬ್ಲೇಡು ಇದ್ದಂತೆಯೇ ಲೋಡು ಹಾಕಿ ಅದೇ ವೇಗ, ಅದೇ ಕಲ್ಲು. ಕಂಬ ದಾಟಿತು, ಅದರಾಚೆಯ ಹೊಂಗೆ ಮರವನ್ನೂ ದಾಟಿತು. ಪುಟ್ಟರಾಜು ಪಕ್ಕದಲ್ಲಿ ಕೂತು “ಸಾ, ಸಾ, ಸಾ” ಎನ್ನುತ್ತಿದ್ದ. ನಿಂತ ಮೇಲೆ ಮುಖ ಒರೆಸಿಕೊಂಡು, “ನಂಗೆ ಎಂಡ್ರು ಮಕ್ಳವ್ರೆ, ಇನ್ನ ನೀವೊಬ್ರೇ ಓಡ್ಸಿ” ಎಂದು ಇಳಿದುಬಿಟ್ಟ. ಬ್ಲೇಡು ತೆಗೆಯಲು ಅವನಿಗೆ ಎರಡು ಗಂಟೆ ಬೇಕಾಯಿತು. ಮೂರನೆಯ ಸಲ ಅದೇ ಲೋಡು. ಹಿಂಭಾಗ ಕುಕ್ಕರಿಸಿತ್ತು, ನನ್ನ ಕೈ ತೂರುತ್ತಿರಲಿಲ್ಲ. ಗಾಡಿ ಕಂಬ ದಾಟಿ, ಮರಕ್ಕೆ ಮೊದಲೇ ನಿಂತಿತು.

ಇದರಿಂದ ಎಲ್ಲ ತಪ್ಪೂ ವಾಲ್ವಿನದು ಎಂದಾಗುವುದಿಲ್ಲ. ಭಾರ ಮಿತಿ ಮೀರಿದರೆ ಯಾವ ವಾಲ್ವೂ ಕಾಯುವುದಿಲ್ಲ. ಆದರೆ ರಂಗಸ್ವಾಮಿ ಸುಳ್ಳು ಹೇಳುತ್ತಿದ್ದಾನೆ ಎಂದು ನಾನು ಒಂದೇ ಸಾಲಿನಲ್ಲಿ ಬರೆದಿದ್ದೆನಲ್ಲ, ಅದಕ್ಕೆ ಆಧಾರ ಉಳಿಯಲಿಲ್ಲ. ಠಾಣೆಯಲ್ಲಿದ್ದ ಫೋಟೋಗಳನ್ನು ಹೋಗಿ ನೋಡಿದೆ. ಒಂದರಲ್ಲಿ ಹಿಂದಿನ ಚಕ್ರ ಕಾಣುತ್ತಿತ್ತು. ಬ್ಲೇಡು ಎಣಿಸಿದೆ. ಎರಡು ಹೆಚ್ಚು.

ಸಾಕ್ಷಿ ಹೇಳಲು ಕೋರ್ಟಿನಿಂದ ಸಮನ್ಸ್ ಬಂತು. ಆಗಿನ ಮೇಲಧಿಕಾರಿ ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಒಳ್ಳೆಯವರೇ. ಅವರಿಗೆ ಎಲ್ಲ ವಿವರಿಸಿದೆ.

“ನೀವು ಹೇಳೋದು ಸರಿ ಇರಬಹುದು ಸಾರ್. ಆದರೆ ರಿಪೋರ್ಟ್‌ನಲ್ಲಿ ಏನಿದೆಯೋ ಅಷ್ಟು ಹೇಳಿ ಬನ್ನಿ. ಇವತ್ತು ಇದೊಂದನ್ನ ತಪ್ಪು ಅಂದ್ರೆ, ನಾಳೆ ಉಳಿದ ರಿಪೋರ್ಟ್‌ಗಳ ಕಥೆ ಏನು ಅಂತ ಕೇಳ್ತಾರೆ” ಎಂದರು. ಆ ಪ್ರಶ್ನೆ ನ್ಯಾಯವಾದದ್ದೇ. ಉಳಿದ ರಿಪೋರ್ಟುಗಳ ಕಥೆ ನನಗೂ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ.

ನ್ಯಾಯಾಲಯದಲ್ಲಿ ಜಯಮ್ಮನವರ ಮಗ ಹಿಂದಿನ ಬೆಂಚಿನಲ್ಲಿ ಕೂತಿದ್ದ. ರಂಗಸ್ವಾಮಿ ಆರೋಪಿಯ ಜಾಗದಲ್ಲಿ ಕೈಕಟ್ಟಿ ನಿಂತಿದ್ದ. ಅಪಘಾತವಾದಾಗಿನಿಂದ ಯಾರೂ ಅವನಿಗೆ ಗಾಡಿ ಕೊಟ್ಟಿರಲಿಲ್ಲ, ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳಿಗೆ ಸೌದೆ ಒಡೆಯಲು ಹೋಗುತ್ತಿದ್ದನಂತೆ. ಅಲ್ಲಿ ನಡೆದದ್ದು ನನ್ನ ನೆನಪಿನಲ್ಲಿ ಹೀಗಿದೆ. ಸರ್ಕಾರಿ ವಕೀಲರು ನನ್ನ ವರದಿಯನ್ನು ಓದಿಸಿದರು. ರಂಗಸ್ವಾಮಿಯ ವಕೀಲರು ಎದ್ದು, ನೀವು ಅಪಘಾತವನ್ನು ಕಣ್ಣಾರೆ ನೋಡಿಲ್ಲ ಅಲ್ಲವೆ ಎಂಬಂಥ ಒಂದೆರಡು ಪ್ರಶ್ನೆ ಕೇಳಿ ಕುಳಿತರು. ಆಗ ನಾನು ನ್ಯಾಯಾಧೀಶರ ಕಡೆ ತಿರುಗಿ, “ಸ್ವಾಮಿ, ಇನ್ನೊಂದು ಮಾತು ಹೇಳಬೇಕು” ಎಂದೆ. ಅವರು ತಲೆಯಾಡಿಸಿದರು. ಬ್ಲೇಡು, ವಾಲ್ವು, ನಾಲೆ ಏರಿಯ ಪರೀಕ್ಷೆ, ಖಾಲಿ ಗಾಡಿಯನ್ನು ನೋಡಿ ನಾನು ವರದಿ ಬರೆದದ್ದು, ಎಲ್ಲವನ್ನೂ ನಾನಾಗಿಯೇ ಹೇಳಿದೆ.

ಸಾವಿನ ಆರೋಪದಲ್ಲಿ ರಂಗಸ್ವಾಮಿಗೆ ಸಂಶಯದ ಲಾಭ ಸಿಕ್ಕಿತು. ಮಿತಿ ಮೀರಿ ಭಾರ ಹಾಕಿದ್ದಕ್ಕೆ ದಂಡವಾಯಿತು. ಜಯಮ್ಮನವರ ಮಗ ಹೊರಗೆ ನನ್ನ ಹತ್ತಿರ ಬಂದು, “ಅಂಗಾರೆ ನಮ್ಮವ್ವನ್ನ ಕೊಂದೋರು ಯಾರು ಸಾ?” ಎಂದು ಕೇಳಿದ. ಜಗಳಕ್ಕಲ್ಲ, ತಿಳಿದುಕೊಳ್ಳಲು. ನಾನು ಏನು ಹೇಳಿದೆ ಎನ್ನುವುದು ನೆನಪಿಲ್ಲ.

ಅಲ್ಲಿಂದ ಮುಂದೆ ಅಪಘಾತದ ಗಾಡಿ ನೋಡುವಾಗ ಮೂರು ಕೆಲಸ ಬಿಡಲಿಲ್ಲ. ಸರಕು ಎಷ್ಟಿತ್ತು ಎಂದು ಕೇಳಿ ಬರೆಯುವುದು. ಚಾಪೆ ಹಾಸಿ ಗಾಡಿಯ ಕೆಳಗೆ ಮಲಗಿ ಬ್ಲೇಡು ಎಣಿಸಿ, ಆ ಕಡ್ಡಿಯನ್ನು ಮುಟ್ಟಿ ನೋಡುವುದು. ಕೆಲವರು ಅದನ್ನು ತಂತಿಯಿಂದ ಬಿಗಿದಿರುತ್ತಾರೆ, ಕೆಲವರು ಬಿಚ್ಚಿ ಎಸೆದಿರುತ್ತಾರೆ. ಸರಕು ತುಂಬಿಸಿ ಬ್ರೇಕ್ ನೋಡುವುದು, ಆಗದಿದ್ದರೆ ‘ಖಾಲಿ ಇರುವಾಗ ಪರೀಕ್ಷಿಸಲಾಗಿದೆ, ಸರಕು ಇದ್ದಾಗಿನ ಬ್ರೇಕಿನ ಬಗ್ಗೆ ಹೇಳಲಾಗದು’ ಎಂದು ಬರೆಯುವುದು. ಕೈ ತೂರಿಸುವುದನ್ನು ಬಿಟ್ಟೆ. ಹೊಸಬರ ತರಬೇತಿಗೆ ಕರೆದಾಗಲೆಲ್ಲ ಈ ಕೇಸು ಹೇಳುತ್ತಿದ್ದೆ. ‘ಸಾಕ್ಷಿಯ ಕಟ್ಟೆಯಲ್ಲಿ ಯಾರೂ ಕೇಳದಿದ್ದರೂ ನಾನಾಗಿಯೇ ಹೇಳಿದೆ’ ಎನ್ನುವಾಗ ಹುಡುಗರು ಬರೆದುಕೊಳ್ಳುತ್ತಿದ್ದರು. ಹೇಳಿ ಹೇಳಿ ಆ ದೃಶ್ಯ ನುಣುಪಾಗಿತ್ತು. ಅಷ್ಟು ನುಣುಪಾದದ್ದನ್ನು ಅನುಮಾನಿಸಬೇಕೆಂದು ನನಗೆ ಆಗ ತೋಚಲಿಲ್ಲ.

ನಿವೃತ್ತನಾದ ಮೇಲೆ ಒಮ್ಮೆ ರಾಮನಾಥಪುರಕ್ಕೆ ಹೋಗಿದ್ದೆ. ಹೊಗೆಸೊಪ್ಪಿನ ಹರಾಜಿನ ಕಾಲ, ಬೇಲು ತುಂಬಿದ ಪಿಕಪ್ಪುಗಳು ಸಾಲಾಗಿ ನಿಂತಿದ್ದವು. ಹಳೆಯ ಚಟ, ಹಿಂದಿನ ಚಕ್ರಗಳನ್ನು ನೋಡುತ್ತ ನಡೆಯುತ್ತಿದ್ದೆ. “ಸಾ, ಇನ್ನೂ ಬುಟ್ಟಿಲ್ವಾ?” ಎಂದು ಯಾರೋ ಕೂಗಿದರು. ರಂಗಸ್ವಾಮಿ. ಕೂದಲು ನರೆತಿತ್ತು. ಪುನಃ ಡ್ರೈವರ್ ಕೆಲಸಕ್ಕೆ ಸೇರಿದ್ದ. ಟೀ ಕೊಡಿಸಿದ. ಮಾತು ಕೋರ್ಟಿಗೆ ಬಂತು. ಈ ಬರಹಕ್ಕೆಂದು ಟಿಪ್ಪಣಿ ಮಾಡುತ್ತಿದ್ದೆನಾದ್ದರಿಂದ, “ನಾನಾಗಿಯೇ ಹೇಳಿದೆನಲ್ಲ, ಆ ದಿನ ನಿನ್ನ ವಕೀಲರಿಗೇ ಆಶ್ಚರ್ಯವಾಗಿರಬೇಕು” ಎಂದೆ.

“ನೀವಾಗ್ ನೀವೇನ್ ಏಳ್ನಿಲ್ಲ ಬುಡಿ ಸಾ” ಎಂದ, ಟೀ ಆರಿಸಿಕೊಳ್ಳುತ್ತ. “ಲಾಯರು ಕೇಳುದ್ರು. ಕೇಳಿದ್ಮ್ಯಾಕೆ ಒಂದೂ ಮುಚ್ಚಿಡ್ದೆ ಏಳುದ್ರಿ. ಅದ್ನ ನಾನ್ ಮರೆಯಾಕಿಲ್ಲ.”

“ಖಾಲಿ ಗಾಡಿಯ ವ್ಯತ್ಯಾಸ ಅವರಿಗೆ ಹೇಗೆ ಗೊತ್ತಿತ್ತು?”

“ನಾನ್ ಏಳ್ಕೊಟ್ಟಿದ್ದೆ. ವಾಲ್ವು ಗೀಲ್ವು ನಂಗೇನ್ ಗೊತ್ತು ಸಾ? ಖಾಲೀಲಿ ನಿಲ್ತಿತ್ತು, ಲೋಡಲ್ಲಿ ನಿಲ್ತಿರ್ನಿಲ್ಲ, ಅಷ್ಟೇ ಗೊತ್ತು. ಠಾಣೆ ಇಂದ್ಗಡೆ ನೀವು ಓಡಿಸ್ತಿದ್ದಾಗ್ಲೇ ಅಂದ್ನಲ್ಲ.”

“ಆ ದಿನ ನೀನು ಅಲ್ಲಿರಲಿಲ್ಲ.”

“ಇರ್ನಿಲ್ವಾ? ಬೇವಿನ್ ಮರದ್ ಬುಡ್ದಾಗೆ ಪೋಲೀಸ್ನೋರು ಕುಂಡ್ರಿಸಿದ್ರು. ಸಾ, ಲೋಡ್ ಆಕ್ಕೊಂಡ್ ನೋಡಿ ಸಾ, ಕೈ ಮುಗೀತೀನಿ ಅಂದೆ. ನೀವು ತಿರುಗಿ ನೋಡುದ್ರಿ.”

“ನಾನು ಏನಂದೆ?”

“ಏನೂ ಅನ್ನಿಲ್ಲ ಸಾ. ಬರೀತಿದ್ರಿ.”

ಅವನ ದನಿಯಲ್ಲಿ ದೂರು ಇರಲಿಲ್ಲ. ಇನ್ನೊಂದು ಟೀ ಬೇಕೇ ಎಂದು ಕೇಳಿದ. ನಾನು ಬಸ್ಸು ಹಿಡಿದು ಬಂದೆ. ಇಷ್ಟು ವರ್ಷದಲ್ಲಿ ಅವನ ನೆನಪೂ ಕೆಟ್ಟಿರಬಹುದು ಎಂದು ದಾರಿಯುದ್ದಕ್ಕೂ ವಾದಿಸಿಕೊಂಡೆ. ಆ ಬಯಲಿನಲ್ಲಿ ಬೇವಿನ ಮರ ಇತ್ತೇ ಎಂದು ಯೋಚಿಸಿದೆ. ಮರ ನೆನಪಾಗಲಿಲ್ಲ.

ವಾದ ಮಾಡಿ ಪ್ರಯೋಜನವಿಲ್ಲ, ಕಾಗದ ನೋಡಬೇಕು ಎಂದು ನ್ಯಾಯಾಲಯಕ್ಕೆ ಅರ್ಜಿ ಹಾಕಿ ನನ್ನ ಸಾಕ್ಷ್ಯದ ದೃಢೀಕೃತ ನಕಲು ಪಡೆದೆ. ಮೂರು ಪುಟ. ಸಾಕ್ಷಿ ತಾನಾಗಿ ಹೇಳಿದ ಮಾತಾದರೆ ‘ಸಾಕ್ಷಿಯು ತಾನಾಗಿಯೇ ನುಡಿಯುತ್ತಾರೆ’ ಎಂದು ಬರೆಯುವುದು ಅಲ್ಲಿನ ಪದ್ಧತಿ. ಮೂರು ಪುಟದಲ್ಲಿ ಎಲ್ಲೂ ಆ ಮಾತಿಲ್ಲ. ಬ್ಲೇಡು, ವಾಲ್ವು ಎಲ್ಲವೂ ಆರೋಪಿಯ ವಕೀಲರ ಪಾಟೀಸವಾಲಿಗೆ ಕೊಟ್ಟ ಉತ್ತರಗಳು. ಅವುಗಳ ಕೊನೆಯಲ್ಲಿ ಈ ವಾಕ್ಯವಿದೆ: ‘ನಾನು ವಾಹನವನ್ನು ಪರೀಕ್ಷಿಸಿದ ದಿನ ಆರೋಪಿಯು ಅಲ್ಲಿ ಹಾಜರಿದ್ದು, ಸರಕು ತುಂಬಿ ಬ್ರೇಕ್ ನೋಡಿ ಎಂದು ನನ್ನನ್ನು ಕೇಳಿಕೊಂಡಿದ್ದ ಎಂದರೆ ಸರಿ.’

ಅದರ ಕೆಳಗೆ ‘ಓದಿ ಹೇಳಲಾಗಿದೆ, ಸರಿ ಇದೆ’ ಎಂದಿದೆ. ಕೆಳಗಿನ ಸಹಿ ನನ್ನದು.